ಕೊಳವೆಯೊಳಗೆ ಕೂತವರು

ಅತ್ತೆಯ ಕಣ್ಣಿಗೆ ಹನಿ ಹಾಕಿದ ಮೇಲೆ ಸಂಜೆಯವರೆಗೆ ಅವರನ್ನು ಬೆಳಕಿಗೆ ಬಿಡಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಅವಳಿಗೆ ತಟ್ಟನೆ ಹೊಳೆದದ್ದು ತನ್ನ ಅಳತೆಯ ಕೋಣೆ. ಆಸ್ಪತ್ರೆಯ ಹಿಂದಿನ ಗೇಟಿನಿಂದ ಹೊರಬಿದ್ದು ರಸ್ತೆ ದಾಟಿದರೆ ಅವಳು ಕೆಲಸ ಮಾಡುವ ಪ್ರಯೋಗಾಲಯ. ಅದರ ನೆಲಮಾಳಿಗೆಯ ತುದಿಯಲ್ಲಿ ಕಿಟಕಿಯೇ ಇಲ್ಲದ, ಗೋಡೆಗೆ ಕಪ್ಪು ಬಣ್ಣ ಬಳಿದ, ಬಾಗಿಲ ಒಳಬದಿಗೆ ದಪ್ಪನೆಯ ಕರಿ ಪರದೆ ಇಳಿಬಿಟ್ಟ ಆ ಕೋಣೆ. ಕಣ್ಣಿಗೆ ಹನಿ ಹಾಕಿಸಿಕೊಂಡವರಿಗೆ ಅದಕ್ಕಿಂತ ಒಳ್ಳೆಯ ಜಾಗ ಊರಲ್ಲೇ ಇರಲಾರದು. ಹೊಳೆದ ಮರುಕ್ಷಣವೇ ಇನ್ನೊಂದೂ ಹೊಳೆಯಿತು: ಆ ಕೋಣೆಗೆ ಎದುರುಬಾಗಿಲು ಗಾಜಿನವರದು. ಆದರೆ ಅಷ್ಟರಲ್ಲಿ ಅತ್ತೆ ಅವಳ ಮೊಣಕೈ ಹಿಡಿದು ಎದ್ದೇಬಿಟ್ಟಿದ್ದರು. "ಎಲ್ಲ ಮಂಜುಮಂಜು ಕಣೇ. ನಿನ್ನ ಮುಖ ಯಾರೋ ನೀರು ಚೆಲ್ಲಿದ ಫೋಟೋ ಥರ ಇದೆ. ಹಾಗಂತ ಚೆನ್ನಾಗಿಲ್ಲ ಅಂತಲ್ಲ, ಒಂದಿಷ್ಟು ವಯಸ್ಸು ಕಮ್ಮಿ ಕಾಣ್ತೀಯ. ಡಾಕ್ಟ್ರಮ್ಮನಿಗೂ ಅದೇ ಹೇಳಿದೆ, ಬಹಳ ಖುಷಿಯಾದ್ರು." ರಸ್ತೆ ದಾಟುವಾಗ ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬಾಯಿ ಮಾತ್ರ ತೆರೆದುಕೊಂಡು, ಅವಳ ಮೈಗೆ ಅಂಟಿಕೊಂಡು ನಡೆದರು. ಆ ಭಾರ ಅವಳಿಗೆ ಹಿತವೆನ್ನಿಸಿತು. ಹಿತವೆನ್ನಿಸಿದ್ದಕ್ಕೇ ನಾಚಿಕೆಯೂ ಆಯಿತು.

ಹೋದ ವಾರ ಅದೇ ಕೋಣೆಯಲ್ಲಿ, ಅಳತೆಯ ಯಂತ್ರದ ಪಂಪಿನ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೇನೂ ಕೇಳದ ಆ ಕತ್ತಲಲ್ಲಿ ಕೂತಿದ್ದಾಗ, 'ಮನೆಯೂ ಹೀಗೇ ಇದ್ದಿದ್ದರೆ' ಎಂದು ಅವಳಿಗೆ ಅನ್ನಿಸಿತ್ತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಎರಡು ಕುರ್ಚಿ, ಒಂದು ಮೇಜು, ಎದುರಿಗೆ ಹೆಚ್ಚು ಮಾತಾಡದ ಒಬ್ಬ ಮನುಷ್ಯ. ಬಾಗಿಲು ತೆಗೆದೊಡನೆ 'ಯಾಕೆ ಇಷ್ಟು ಹೊತ್ತು, ಬಸ್ಸಲ್ಲಿ ಯಾರು ಸಿಕ್ಕಿದ್ರು, ಅವರೇನಂದ್ರು, ನೀನೇನಂದೆ' ಎಂದು ಕೇಳುವ ದನಿ ಇಲ್ಲದ ಮನೆ. ಉಸಿರು ಹೊರಬಿಡುವಷ್ಟರಲ್ಲಿ ಆ ಚಿತ್ರ ಹೋಯಿತು, ಆದರೆ ಹೋಗುವಾಗ ಕೆಸರುಗಾಲಲ್ಲಿ ಹೋದಂತೆ ಗುರುತು ಬಿಟ್ಟುಹೋಯಿತು. ಅಂದಿನಿಂದ ಅವಳು ಅತ್ತೆಗೆ ವಿಪರೀತ ಉಪಚಾರ ಮಾಡತೊಡಗಿದ್ದಳು: ಕೇಳದೆಯೇ ಹೊಸ ಶಾಲು, ಕಾಲಿಗೆ ಬಿಸಿನೀರು, ಮಂಚಕ್ಕೆ ಇನ್ನೊಂದು ದಿಂಬು. ಅತ್ತೆ ಮೂರನೆಯ ದಿನ ತಡೆಯಲಾರದೆ ಕೇಳಿದ್ದರು, "ನಿಜ ಹೇಳಿಬಿಡೇ, ನನಗೇನೋ ದೊಡ್ಡ ಕಾಯಿಲೆ ಅಂತ ಡಾಕ್ಟ್ರು ನಿನಗೊಬ್ಬಳಿಗೇ ಹೇಳಿದ್ದಾರಾ?"

ಕಾಯಿಲೆಯಲ್ಲ, ಗಾಜಿನವರು. ಪ್ರಯೋಗಾಲಯಕ್ಕೆ ಬೇಕಾದ ಗಾಜಿನ ಸಾಮಾನನ್ನೆಲ್ಲ ಉರಿಯ ಮುಂದೆ ಊದಿ, ಎಳೆದು, ಬೆಸೆದು ಕೊಡುವವರಾದ್ದರಿಂದ ಎಲ್ಲರೂ ಅವರನ್ನು ಕರೆಯುವುದು ಹಾಗೆ. ಅವಳು ಅಳೆಯುವ ಸಿಲಿಕಾನ್ ಚಿಪ್ಪನ್ನೂ ಅದಕ್ಕೆ ತುಂಬುವ ಬಣ್ಣದ ಪುಡಿಯನ್ನೂ ಒಂದು ಗಾಜಿನ ನಳಿಗೆಯಲ್ಲಿಟ್ಟು, ಗಾಳಿಯೆಲ್ಲ ಎಳೆದುಹಾಕಿ, ಕತ್ತನ್ನು ಉರಿಯಲ್ಲಿ ಕರಗಿಸಿ ಮುಚ್ಚಿಕೊಡುವವರು ಅವರೇ. ತಿಂಗಳ ಹಿಂದೆ ಹಾಗೆ ಮುಚ್ಚಿದ, ಇನ್ನೂ ಬಿಸಿ ಆರದ ನಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಡುತ್ತಾ, ಅವಳ ಮುಖ ನೋಡದೆ, "ಹೀಗೇ ಇರೋಣ ಅಂದ್ರೆ ಹೀಗೇ ಇರೋಣ. ಮದುವೆ ಆಗಿ ಒಟ್ಟಿಗೆ ಇರೋಣ ಅಂದ್ರೆ ಅದನ್ನೂ ಹೇಳಿ. ಅವಸರ ಇಲ್ಲ" ಎಂದಿದ್ದರು. ಅವಳ ಮನಸ್ಸು ಅಲ್ಲೇ ಹೂಂ ಎಂದಿತ್ತು. ಬಾಯಿ ಮಾತ್ರ, "ಬಿಸಿ ಇದೆ" ಎಂದಿತ್ತು.

ಅತ್ತೆ ಬೇಡವೆನ್ನುತ್ತಾರೆ ಎಂಬ ಭಯ ಅವಳಿಗೆ ಇರಲಿಲ್ಲ. ಬೇಡವೆಂದಿದ್ದರೆ ಸುಲಭವಾಗುತ್ತಿತ್ತು, ಜಗಳವಾಡಬಹುದಿತ್ತು. ಅತ್ತೆ ಬೇಡವೆನ್ನುವುದಿಲ್ಲ, ಎದ್ದು ಹೋಗುತ್ತಾರೆ. ಅವರ ಜಾಯಮಾನವೇ ಅದು. ಹೋಗು ಅನ್ನಿಸಿಕೊಳ್ಳುವ ಮೊದಲೇ ಚಪ್ಪಲಿ ಮೆಟ್ಟುವವರು. ಮಗ ತೀರಿಕೊಂಡ ವರ್ಷ ಎಲ್ಲರೂ ಅಂದುಕೊಂಡದ್ದು, ಇನ್ನು ಸೊಸೆ ತನ್ನ ದಾರಿ, ಅತ್ತೆ ಮಗಳ ದಾರಿ ಎಂದೇ. ನಾದಿನಿ ಬಂದು ಕರೆದುಕೊಂಡೂ ಹೋದಳು. ಎರಡು ವಾರಕ್ಕೆ ಅತ್ತೆ ಒಬ್ಬರೇ ವಾಪಸು ಬಂದು, ಪೆಟ್ಟಿಗೆ ನಡುಮನೆಯಲ್ಲಿಟ್ಟು, "ಅವಳ ಮನೇಲಿ ಗೋಡೆಗೂ ಬಿಡುವಿಲ್ಲ ಕಣೇ, ಫ್ರಿಜ್ಜಿನ ಹತ್ರ ಮಾತಾಡ್ಕೊಂಡು ಬಂದೆ" ಎಂದು ನಕ್ಕಿದ್ದರು. ನಾದಿನಿ ಕೆಟ್ಟವಳಲ್ಲ. ಆ ಮನೆಯಲ್ಲಿ ಎಲ್ಲರ ಕಿವಿಯಲ್ಲೂ ಏನಾದರೊಂದು ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಒಟ್ಟಿಗೆ ಇರುವ ಬಗ್ಗೆ ಇವರಿಬ್ಬರ ನಡುವೆ ಯಾವ ಮಾತೂ ಆಗಲಿಲ್ಲ, ಒಪ್ಪಂದವೂ ಆಗಲಿಲ್ಲ. ಮಾರನೆಯ ದಿನ ಅತ್ತೆ ಅಡುಗೆಮನೆಯ ಡಬ್ಬಿಗಳನ್ನು ತಮಗೆ ಬೇಕಾದಂತೆ ಹೊಂದಿಸಿಟ್ಟರು, ಅವಳು ಒಂದು ವಾರ ಸಕ್ಕರೆ ಹುಡುಕಿದಳು. ಈಗ ಅತ್ತೆ ಮತ್ತೆ ಆ ಫ್ರಿಜ್ಜಿನ ಮುಂದೆ ನಿಲ್ಲುವ ಚಿತ್ರ ಕಣ್ಣಿಗೆ ಕಟ್ಟಿದಾಗಲೆಲ್ಲ ಗಾಜಿನವರಿಗೆ ಹೇಳಬೇಕಾದ ಹೂಂ ಅವಳ ಬಾಯಲ್ಲೇ ಉಳಿಯುತ್ತಿತ್ತು.

"ಮೆಟ್ಟಿಲಾ? ಇಳಿಯೋದಾ ಹತ್ತೋದಾ? ಮೊದಲೇ ಹೇಳೇ, ಕಾಲಿಗೂ ಗೊತ್ತಾಗ್ಲಿ," ಎನ್ನುತ್ತಾ ಅತ್ತೆ ನೆಲಮಾಳಿಗೆಗೆ ಇಳಿದರು. ಗಾಜಿನವರ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಉರಿಯ ಸುಯ್ಯೆನ್ನುವ ಸದ್ದು. ಅವಳು ತಲೆ ಬಗ್ಗಿಸಿ, ಪರರ ಮನೆಯ ಅಂಗಳ ದಾಟುವ ಬೆಕ್ಕಿನ ಹಾಗೆ, ಅತ್ತೆಯನ್ನು ತನ್ನ ಕೋಣೆಗೆ ದಾಟಿಸಿದಳು. ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು. ಬಾಗಿಲು ಮುಚ್ಚಿ, ಪರದೆ ಎಳೆದು, ದೊಡ್ಡ ದೀಪ ಆರಿಸಿ, ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಇವತ್ತಿನ ಕೆಲಸ ದೊಡ್ಡದಲ್ಲ. ನಿನ್ನೆ ಅಳತೆಯ ನಕ್ಷೆಯಲ್ಲಿ ಸಿಕ್ಕ ಗೆರೆ ಇವತ್ತೂ ಸಿಗುತ್ತದೆಯೇ ಎಂದು ನೋಡಬೇಕು, ಅಷ್ಟೇ. ನಿನ್ನೆಯ ಗೆರೆ ನೋಡಿ ದೊಡ್ಡವರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಅವಳ ಬೆನ್ನು ತಟ್ಟಲು ಎತ್ತಿದ ಕೈಯನ್ನು ಸಂಕೋಚದಿಂದ ಮಧ್ಯದಲ್ಲೇ ನಿಲ್ಲಿಸಿ ತಮ್ಮ ತಲೆಯನ್ನೇ ಸವರಿಕೊಂಡಿದ್ದರು.

"ಏನೇ ಮಾಡ್ತೀಯ ಇಲ್ಲಿ ಇಡೀ ದಿನ?" ಮೂಲೆಯಿಂದ ದನಿ ಬಂತು. "ಮನೇಲಿ ಕೇಳಿದ್ರೆ ಅಳೀತೀನಿ ಅಂತೀಯ. ಬಟ್ಟೆ ಅಂಗಡಿಯವನೂ ಅಳೀತಾನೆ."

"ಇಂಗಾಲದ ಕೊಳವೆ ಅತ್ತೆ. ನ್ಯಾನೋಟ್ಯೂಬ್ ಅಂತಾರೆ. ಕೂದಲನ್ನ ಉದ್ದಕ್ಕೆ ಸಾವಿರಾರು ಸಲ ಸೀಳಿದ್ರೆ ಎಷ್ಟು ಸಣ್ಣ ಆಗುತ್ತೋ ಅದಕ್ಕಿಂತಲೂ ಸಣ್ಣದು. ಎರಡು ಚಿನ್ನದ ಪಟ್ಟಿ ಮಧ್ಯೆ ಒಂದೇ ಒಂದು ಮಲಗಿದೆ. ಅದರ ಮೈಮೇಲೆ ಕರೆಂಟು ಹರಿಸ್ತೀನಿ."

"ಹರೀತಾ?"

"ಹರಿಯುತ್ತೆ. ಖಾಲಿ ಇದ್ದಾಗ ಒಂದು ಥರ. ಆಮೇಲೆ ಅದರ ತುದಿ ಬಿಡಿಸಿ ಒಳಗೆ ಬಣ್ಣದ ಅಣುಗಳನ್ನ ತುಂಬಿಸಿದ್ದೀನಿ, ಬಟಾಣಿ ಕಾಯಿಯೊಳಗೆ ಕಾಳು ಕೂತ ಹಾಗೆ. ಕಾಳು ಸಿಪ್ಪೆಗೆ ತೊಟ್ಟಿಂದ ಅಂಟಿರುತ್ತೆ, ಇಲ್ಲಿ ಅದೂ ಇಲ್ಲ. ಗೋಡೆಗೂ ಅವಕ್ಕೂ ಏನೂ ಬೆಸುಗೆ ಇಲ್ಲ. ಸುಮ್ನೆ ಪಕ್ಕದಲ್ಲಿ ಕೂತಿವೆ. ಅಷ್ಟಕ್ಕೇ ಗೋಡೆಯಲ್ಲಿ ಕರೆಂಟು ಹರಿಯೋ ರೀತಿ ಬದಲಾಗುತ್ತಾ ಅಂತ ನೋಡೋದು."

"ಅಂದ್ರೆ ಮನೇಲಿ ಅತ್ತೆ ಇದ್ದ ಹಾಗೆ."

ಅವಳು ನಕ್ಕಳು. "ಹಾಗಲ್ಲ ಅತ್ತೆ."

"ಹಾಗೇ ಕಣೇ. ನಮ್ಮತ್ತೆ ಪುಣ್ಯಾತ್ಗಿತ್ತಿ ಬಾಯೇ ಬಿಡ್ತಿರಲಿಲ್ಲ. ಮೂಲೇಲಿ ಕಣ್ಣು ಮುಚ್ಚಿ ಕೂತಿರೋರು. ಆದ್ರೂ ನಾವು ಮೂರು ಜನ ಸೊಸೆಯಂದಿರು ಆ ಕೋಣೆ ದಾಟುವಾಗ ಬೇರೆ ಥರಾನೇ ನಡೀತಿದ್ವಿ. ಕರೆಂಟೇನು, ನಾವೇನು. ಸರಿ, ನಿನ್ನ ಕೆಲಸ ಮಾಡು, ನಾನು ಮಾತಾಡಲ್ಲ." ಎರಡು ಕ್ಷಣ ಕಳೆಯಿತು. "ಆದ್ರೆ ಆ ದೀಪ ಆರಿಸು ಮೊದಲು, ಕಣ್ಣಿಗೆ ಚುಚ್ತಿದೆ."

"ಯಾವ ದೀಪವೂ ಇಲ್ಲ ಅತ್ತೆ."

"ಇದೆ. ಅಲ್ಲಿ ಗುಡಾರದ ಥರ ಹೊದಿಸಿದ್ದೀಯಲ್ಲ, ಅದರ ಸಂದೀಲಿ. ಕೆಂಪಗೆ."

ಇಲ್ಲ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದವಳು ಹಾಗೆಯೇ ಎದ್ದುಹೋಗಿ, ಯಂತ್ರಕ್ಕೆ ಹೊದಿಸಿದ್ದ ಕಪ್ಪು ಬಟ್ಟೆಯನ್ನೆತ್ತಿ ಒಳಗೆ ಇಣುಕಿದಳು. ಮೈಕ್ರೋಸ್ಕೋಪಿನ ದೀಪ. ಅದರ ಬಲ್ಬಿನ ತಂತಿ, ಬೂದಿ ಮುಚ್ಚಿದ ಕೆಂಡದ ಹಾಗೆ, ಕಂಡೂ ಕಾಣದಂತೆ ಉಸಿರಾಡುತ್ತಿತ್ತು. ಕರೆಂಟು ಹಾಯಿಸುವ ಸೂಜಿಗಳನ್ನು ಚಿನ್ನದ ಪಟ್ಟಿಯ ಮೇಲೆ ಕೂರಿಸಲು ಆ ದೀಪ ಬೇಕು. ಕೂರಿಸಿದ ಮೇಲೆ ಆರಿಸಬೇಕು. ಆದರೆ ಬೇಸಿಗೆಯಲ್ಲಿ, ಮತ್ತೆ ಮತ್ತೆ ಆರಿಸಿ ಹೊತ್ತಿಸಿ ಬಲ್ಬು ಸುಟ್ಟುಹೋಗಿ, ಹೊಸದು ಬರುವವರೆಗೆ ಕೆಲಸವೇ ನಿಂತಾಗ, "ಪೂರ್ತಿ ಆರಿಸುವುದು ಬೇಡ, ತಿರುಪನ್ನು ಕೊನೆಯವರೆಗೆ ತಗ್ಗಿಸಿದರೆ ಸಾಕು" ಎಂದು ಇಲ್ಲಿ ಪದ್ಧತಿ ಮಾಡಿದವಳು ಅವಳೇ. ಮಿತವ್ಯಯದ ಆ ಉಪಾಯಕ್ಕೆ ದೊಡ್ಡವರಿಂದ ಶಹಬ್ಬಾಸ್ ಕೂಡ ಪಡೆದಿದ್ದಳು. ಖಾಲಿ ಕೊಳವೆಯನ್ನು ಅಳೆದದ್ದು ಅದಕ್ಕೆ ಮೊದಲು, ನಿಜವಾದ ಕತ್ತಲಲ್ಲಿ. ತುಂಬಿದ್ದನ್ನು ಅಳೆದದ್ದು ಅದರ ನಂತರ. ಬಣ್ಣದ ಅಣುಗಳು ಬೆಳಕನ್ನು ಕುಡಿಯುವ ಜಾತಿ. ಕೆಂಡದಷ್ಟು ಬೆಳಕು ಸಿಕ್ಕರೂ ಗುಟುಕರಿಸಿ ಕೊಳವೆಯ ಗೋಡೆಗೆ ದಾಟಿಸುತ್ತವೆ. ನಿನ್ನೆಯ ಗೆರೆ ಬದಲಾದದ್ದು ಈ ದೀಪದಿಂದಲೇ ಇರಬಹುದು. ಎಷ್ಟೋ ವರ್ಷ ಈ ಕತ್ತಲಿಗೆ ಪಳಗಿದ್ದೇನೆಂದುಕೊಂಡಿದ್ದ ಅವಳ ಕಣ್ಣಿಗೆ ಕಾಣದ್ದು, ಹನಿ ಬಿದ್ದು ಪಾಪೆ ಅಗಲವಾಗಿ ಕವಾಟ ತೆರೆದಂತಾಗಿದ್ದ ಅತ್ತೆಯ ಕಣ್ಣಿಗೆ ಚುಚ್ಚಿತ್ತು.

ಅವಳು ದೀಪ ಆರಿಸಿದಳು. ಇಣುಕಿ ನೋಡಿದರೆ, ಗೋಡೆಯ ಕಡೆ ತಿರುಗಿದ್ದ ಕಂಪ್ಯೂಟರಿನ ಪರದೆಯ ಮೇಲೆ ಗೆರೆ, ಜಾರುಬಂಡೆಯಿಂದ ಮಗು ಇಳಿದಂತೆ, ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿತು. ಖಾಲಿ ಕೊಳವೆಯ ಹಳೆಯ ಗೆರೆಯ ಹತ್ತಿರ, ಇನ್ನೂ ಹತ್ತಿರ. ಪೂರ್ತಿ ಅದರ ಮೇಲೆಯೇ ಹೋಗಿ ಕೂರುತ್ತದೋ, ಕೂದಲೆಳೆಯಷ್ಟಾದರೂ ಅಂತರ ಉಳಿಯುತ್ತದೋ, ಈಗಲೇ ಹೇಳುವಂತಿರಲಿಲ್ಲ. ಬೆಳಕು ಉಂಡ ಕೊಳವೆ ತಣ್ಣಗಾಗಲು ಒಂದು ಗಂಟೆಯಾದರೂ ಕತ್ತಲಲ್ಲಿ ಬಿಡಬೇಕು. ಅವಳು ಗೋಡೆಯ ಫೋನೆತ್ತಿ ದೊಡ್ಡವರಿಗೆ ಹೇಳಿದಳು.

"ದೀಪವಾ?" ಎಂದರು.

"ದೀಪ, ಸರ್."

"ನಾನು ಬೆಳಿಗ್ಗೆಯಿಂದ ಸಿಕ್ಕಿದವರಿಗೆಲ್ಲ ಹೇಳಿಬಿಟ್ಟೆನಲ್ಲಮ್ಮ." ಬೈದಿದ್ದರೆ ಚೆನ್ನಾಗಿತ್ತು. ಆ ದನಿಯಲ್ಲಿದ್ದದ್ದು ಕೈಗೆ ಕೊಟ್ಟ ಬೆಲೂನು ಮತ್ತೆ ಕಿತ್ತುಕೊಂಡಾಗಿನ ಪೆಚ್ಚುತನ. "ಆಗಲಿ. ಕತ್ತಲಲ್ಲಿ ಅಳೆದು ಏನಿದೆಯೋ ಅದನ್ನ ಹೇಳಿ," ಎಂದು ಇಟ್ಟರು.

"ನಾನು ಬಾಯಿ ಹಾಕಬಾರದಿತ್ತೇನೋ," ಎಂದರು ಅತ್ತೆ ಮೂಲೆಯಿಂದ, ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಇಲ್ಲ ಅತ್ತೆ. ನೀವು ಹೇಳಿದ್ದೇ ಒಳ್ಳೇದಾಯ್ತು." ಇದನ್ನು ಹೇಳುತ್ತಾ ಅವಳು ಕಂಪ್ಯೂಟರಿನ ಪರದೆಯನ್ನೂ ಆರಿಸಿ, ತಡಕಾಡಿಕೊಂಡು ಹೋಗಿ ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಈಗ ನಿಜವಾದ ಕತ್ತಲು. ತನ್ನ ಕೈಯೇ ತನಗೆ ಕಾಣದು. ಹೀಗೆ ಒಂದು ಸಲ, ಆಸ್ಪತ್ರೆಯಿಂದ ಅವಳ ಗಂಡನಿಲ್ಲದೆ ಇಬ್ಬರೇ ಹಿಂದಿರುಗಿದ ದಿನ, ದೀಪ ಹಾಕುವುದು ಇಬ್ಬರಿಗೂ ಮರೆತು ಅಡುಗೆಮನೆಯ ನೆಲದಲ್ಲಿ ಕೂತಿದ್ದರು. ಅವತ್ತು ಅತ್ತೆ ಮೊದಲು ಬಾಯಿಬಿಟ್ಟದ್ದು, 'ಏನಾದ್ರೂ ತಿನ್ನೇ' ಎಂದು. ಮುಖ ಕಾಣದಿದ್ದರೆ ಮಾತು ತನ್ನ ಕಾಲಮೇಲೆ ತಾನೇ ನಡೆದು ಬರುತ್ತದೆ. "ಅತ್ತೆ, ಎದುರು ಬಾಗಿಲ ಗಾಜಿನವರು ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ದಾರೆ," ಎಂದಳು. "ನನಗೆ ಇಷ್ಟ ಇದೆ."

ಪಂಪು ಗುಂಯ್‌ಗುಟ್ಟಿತು. ಅತ್ತೆಯ ಕೈ ಅವಳ ತಲೆಯನ್ನು ಹುಡುಕಿಕೊಂಡು ಬಂದು, ಮೊದಲು ಕಿವಿಗೆ ತಾಗಿ, ಆಮೇಲೆ ನೆತ್ತಿಯ ಮೇಲೆ ನಿಂತಿತು. "ಒಳ್ಳೇದಾಯ್ತು ಕಣೇ," ಎಂದರು. ದನಿ ಗಟ್ಟಿಯಾಗಿಯೇ ಇತ್ತು, ಸ್ವಲ್ಪ ಹೆಚ್ಚೇ ಗಟ್ಟಿ. "ಬಹಳ ಒಳ್ಳೇದಾಯ್ತು. ನಾನೂ ಮಗಳ ಮನೆಗೆ ಹೋಗಬೇಕು ಅಂತಾನೇ ಇದ್ದೆ. ಅವಳಿಗೂ ಕೈಯಾಸರೆ ಬೇಕು. ಪೆಟ್ಟಿಗೆ ಹಿಡಿ ಕಿತ್ತುಹೋಗಿದೆ ನೋಡು, ಅದೊಂದು ಸರಿ ಮಾಡಿಸಿಬಿಟ್ರೆ—"

"ಅದಕ್ಕೇ ನಾನು ಹೇಳಲಿಲ್ಲ. ಇದನ್ನೇ ಹೇಳ್ತೀರಿ ಅಂತ ಗೊತ್ತಿತ್ತು. ನೀವು ಹೋಗಕೂಡದು."

"ನೀನು ಹೇಳ್ತೀಯ. ಅವರು ಹೇಳಿದ್ರಾ?"

ಅವಳು ಅವರನ್ನು ಕೇಳಿರಲಿಲ್ಲ. ಒಂದು ತಿಂಗಳಿಂದ ಅತ್ತೆಯ ಉತ್ತರವನ್ನು ತಾನೇ ಹೇಳಿಕೊಂಡು, ಗಾಜಿನವರ ಉತ್ತರವನ್ನೂ ತಾನೇ ಹೇಳಿಕೊಂಡು, ಇಬ್ಬರಿಗೂ ಹೆದರುತ್ತಾ ಇದ್ದಳೇ ಹೊರತು ಯಾರನ್ನೂ ಏನನ್ನೂ ಕೇಳಿರಲಿಲ್ಲ. "ಇನ್ನೊಂದಿದೆ ಅತ್ತೆ," ಎಂದಳು; ಇಷ್ಟು ಬಿಚ್ಚಿದ ಮೇಲೆ ಗಂಟಿನ ತಳದಲ್ಲಿದ್ದದ್ದೂ ಹೊರಗೆ ಬೀಳಲಿ ಎಂದು. "ಹೋದ ವಾರ ಇಲ್ಲಿ ಕೂತಿದ್ದಾಗ ನಂಗೆ ಅನ್ನಿಸ್ತು, ಮನೇಲಿ ಮಾತೇ ಇಲ್ಲದಿದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ."

"ಅಷ್ಟೇನಾ?" ಅತ್ತೆ ನೆತ್ತಿಯ ಮೇಲೆ ಮೆಲ್ಲಗೆ ಮೊಟಕಿದರು. "ನಂಗೆ ದಿನಾ ಅನ್ನಿಸುತ್ತೆ. ನನ್ನ ಬಾಯಿ ಕೇಳಿ ಕೇಳಿ ನಂಗೇ ಸಾಕಾಗಿದೆ. ಏನ್ಮಾಡ್ಲಿ, ನೀನು ಸಂಜೆ ಮನೆಗೆ ಬರೋವಾಗ ಮುಖ ಇಷ್ಟುದ್ದ ಮಾಡ್ಕೊಂಡು ಬರ್ತಿದ್ದೆ ಆಗ. ಸುಮ್ನಿದ್ರೆ ನೀನೂ ಅವನ ಹಿಂದೇನೇ ಹೋಗಿಬಿಡ್ತೀಯೇನೋ ಅಂತ ಭಯ ಆಗೋದು. ಅದಕ್ಕೆ ಶುರು ಮಾಡಿದ್ದು. ಆಮೇಲೆ ನಿಲ್ಲಿಸೋಕೆ ಬರಲಿಲ್ಲ." ಎದ್ದುನಿಂತರು. "ಏಳು. ಎಷ್ಟು ಹೊತ್ತು ಬೇಕು ನಿನ್ನ ಕೊಳವೆ ತಣ್ಣಗಾಗೋಕೆ? ಅಷ್ಟರಲ್ಲಿ ಕೇಳ್ಕೊಂಡು ಬರೋಣ. ನಾನೇ ಕೇಳ್ತೀನಿ. ಆಗಲ್ಲ ಅಂದ್ರೆ ಅವರ ಬಾಯಿಂದಾನೇ ಕೇಳಿದ್ರೆ ನಂಗೆ ಬೇಜಾರಿಲ್ಲ. ನೀನು ಊಹಿಸಿಕೊಂಡು ಅಳೋದು ಬೇಡ."

ತಡೆಯಲು ಅವಳಿಗೆ ಆಗಲಿಲ್ಲ. ಎದುರು ಕೋಣೆಯಲ್ಲಿ ಗಾಜಿನವರು, ಬಣ್ಣದ ಕನ್ನಡಕ ಹಾಕಿಕೊಂಡು, ಉರಿಯ ಮುಂದೆ ಒಂದು ದೊಡ್ಡ ಗಾಜಿನ ಬುರುಡೆಗೆ ಕವಲು ಬೆಸೆಯುತ್ತಿದ್ದರು. ಎರಡು ಕೈಯಲ್ಲೂ ಗಾಜು, ಬಾಯಲ್ಲಿ ಊದುವ ಸಣ್ಣ ರಬ್ಬರ್ ನಳಿಗೆ. ಈ ಹಂತದಲ್ಲಿ ಉರಿಯಿಂದ ಹಿಂದೆ ಸರಿದರೆ ಬುರುಡೆ ಸೀಳಿಹೋಗುತ್ತದೆ ಎಂದು ಅವಳಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಉರಿಯ ಬೆಳಕು ಕಣ್ಣಿಗೆ ರಾಚಿದ್ದೇ ಅತ್ತೆ ಗಕ್ಕನೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತರು. ಹಾಗೆ ನಿಂತೇ, ಗೋಡೆಗೆ ಹೇಳುವಂತೆ ಶುರು ಮಾಡಿದರು.

"ನೋಡಪ್ಪಾ, ನಾನು ಇವಳ ಅತ್ತೆ. ಮುಖ ತಿರುಗಿಸಿದ್ದೀನಿ ಅಂತ ಕೋಪ ಅಂದ್ಕೋಬೇಡ, ಕಣ್ಣಿಗೆ ಹನಿ ಹಾಕಿದ್ದಾರೆ. ನೀನು ಕೇಳಿದ್ದಕ್ಕೆ ಇವಳಿಗೆ ಇಷ್ಟ ಇದೆಯಂತೆ. ನಂಗೂ ಸಂತೋಷ. ಆದ್ರೆ ಇವಳು ನನ್ನ ಬಿಟ್ಟು ಬರಲ್ಲ ಅಂತ ಹಟ ಹಿಡಿದಿದ್ದಾಳೆ. ನಾನೇನು ನಿಂಗೆ ನೆಂಟಳಲ್ಲ. ಇವಳಿಗೂ ಈಗ ಲೆಕ್ಕಕ್ಕೆ ಏನೂ ಅಲ್ಲ. ಮಾತು ಜಾಸ್ತಿ ನಂದು, ಅದನ್ನ ಮೊದಲೇ ಹೇಳಿಬಿಡ್ತೀನಿ. ನಾನೂ ಬಂದ್ರೆ ನಡೆಯುತ್ತಾ, ನಡೆಯಲ್ವಾ? ಮುಲಾಜು ಬೇಡ."

ಉರಿ ಸುಯ್ಯೆಂದಿತು. ಗಾಜಿನವರ ತಲೆ ಅಲುಗಿತು. ಹೂಂ ಎಂದು ಅಲುಗಿತೋ, ಬುರುಡೆ ತಿರುಗಿಸುವ ಲಯಕ್ಕೆ ಅಲುಗಿತೋ. ಕನ್ನಡಕದ ಹಿಂದಿನ ಕಣ್ಣು ಕಾಣಲಿಲ್ಲ.

"ಏನಂದ್ರೇ?" ಅತ್ತೆ ಗೋಡೆಯನ್ನೇ ಕೇಳಿದರು. "ಏನೂ ಅಂತಿಲ್ವಲ್ಲ."

ಹೂಂ ಅಂತಿದ್ದಾರೆ ಎನ್ನಲು ಅವಳ ತುಟಿ ತವಕಿಸಿತು. ಆದರೆ ನಿನ್ನೆಯಷ್ಟೇ ಒಂದು ಬಲ್ಬಿನ ಮಿಣುಕನ್ನು ಅಣುಗಳ ಮಾತೆಂದು ಓದಿದವಳು ಅವಳು. ಬೇಕೆಂದು ನೋಡಿದರೆ ಎಲ್ಲಿ ನೋಡಿದರೂ ಬೇಕಾದ್ದೇ ಕಾಣುತ್ತದೆ. "ಕೆಲಸ ಮುಗೀಲಿ ಅತ್ತೆ," ಎಂದಳು. "ಬಾಯಲ್ಲಿ ನಳಿಗೆ ಇದೆ." ಅತ್ತೆಯ ಬೆನ್ನು ಅವಳ ಎದುರಿಗಿತ್ತು, ಹೊಸ ಶಾಲಿನ ಕೆಳಗೆ ಹಕ್ಕಿಯ ರೆಕ್ಕೆಯಂತೆ ಎದ್ದ ಹೆಗಲಮೂಳೆ. ಆ ಬೆನ್ನು ಕಾಯುತ್ತಿತ್ತು. ಆಡಿದ ಮಾತಿಗೆ ಉತ್ತರ ಬರುವವರೆಗೆ ಇನ್ನೊಂದು ಮಾತಾಡದೆ ಅತ್ತೆ ನಿಂತಿದ್ದನ್ನು ನೋಡುವುದು ಅವಳಿಂದ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ, ತಾನೂ ಗೋಡೆಗೆ ಮುಖ ಮಾಡಿ ನಿಂತಳು. ಶಿಕ್ಷೆಗೆ ನಿಲ್ಲಿಸಿದ ಇಬ್ಬರು ಹುಡುಗಿಯರ ಹಾಗೆ.

ಉರಿ ತಗ್ಗಿತು. ಬುರುಡೆಯನ್ನು ಬಿಸಿ ಗೂಡಿನೊಳಗಿಟ್ಟು ಬಾಗಿಲು ಹಾಕಿದ ಸದ್ದು. ಅನಿಲದ ತಿರುಪು ಮುಚ್ಚಿದ ಸದ್ದು. ಆಮೇಲೆ ಗಾಜಿನವರ ದನಿ, ಬಹಳ ಹೊತ್ತಿನಿಂದ ಬಳಸದ ಬಾಗಿಲಿನಂತೆ ಕಿರುಗುಟ್ಟುತ್ತಾ.

"ಅಮ್ಮಾ, ಇವರು ದಿನಾ ಇಲ್ಲಿ ಬಂದು ನಿಂತು ಏನಾದ್ರೊಂದು ಹೇಳ್ತಾರೆ. ನಾನು ನಗ್ತೀನಿ. ಗೀಸರಿಗೆ ಬುದ್ಧಿ ಹೇಳಿದ್ದು, ಪಕ್ಕದ ಮನೆಯ ಬೆಕ್ಕು ಮೆಟ್ರಿಕ್ ಫೇಲಾದವನ ಥರ ಮುಖ ಮಾಡಿದ್ದು. ನಾನು ಇವರೇ ಹೇಳೋದು ಅಂದ್ಕೊಂಡಿದ್ದೆ." ಒಂದು ಕ್ಷಣ ತಡೆದರು; ಅವರಿಗೆ ಇಷ್ಟೇ ಬಹಳವಾಗಿತ್ತು. "ಈಗ ಕೇಳಿದ್ರೆ ಎಲ್ಲ ನಿಮ್ಮದೇ ದನಿ. ನಾನು ಕೇಳಿದಾಗ ನಿಮ್ಮನ್ನೂ ಸೇರಿಸಿಯೇ ಕೇಳಿದ್ದಾಯ್ತು. ನನಗೇ ಗೊತ್ತಿರಲಿಲ್ಲ, ಅಷ್ಟೇ."

ಅವಳಿಗೂ ಗೊತ್ತಿರಲಿಲ್ಲ. ನಳಿಗೆ ಇಸಿದುಕೊಳ್ಳುವ ನೆಪದಲ್ಲಿ ಆ ಬಾಗಿಲಲ್ಲಿ ನಿಂತು ತಾನಾಡಿದ ಒಂದೊಂದು ಮಾತನ್ನೂ ನೆನಪಿಸಿಕೊಳ್ಳಲು ನೋಡಿದಳು. ಒಂದಾದರೂ ತನ್ನದೇ ಎಂದು ಎತ್ತಿಡುವಂಥದ್ದು ಸಿಗಲಿಲ್ಲ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

"ಬೆಕ್ಕಿನ ವಿಷಯ ಇವಳು ಅರ್ಧ ಹೇಳಿರ್ತಾಳೆ," ಎಂದರು ಅತ್ತೆ, ಗೋಡೆಯಿಂದ ತಿರುಗಿ, ಕಣ್ಣು ಕಿರಿದು ಮಾಡಿ, ಕುರ್ಚಿಗಾಗಿ ಗಾಳಿಯಲ್ಲಿ ಕೈಯಾಡಿಸುತ್ತಾ. "ಉರಿ ಆರ್ತಾ? ಎಲ್ಲಿ ಕೂರ್ಲಿ? ಏನಪ್ಪಾ, ಗಾಜು ಊದಿ ಊದಿ ಕೆನ್ನೆ ನೋಯಲ್ವಾ ನಿಂಗೆ?" ಗಾಜಿನವರು ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉರಿಗೂಡಿಗೆ ಬೆನ್ನಾಗುವಂತೆ ತಿರುಗಿಸಿ, ಆ ಕೈಯನ್ನು ಹಿಡಿದು ಕೂರಿಸಿದರು.

ಅವಳು ತನ್ನ ಕೋಣೆಗೆ ಮರಳಿದಳು. ಗಂಟೆಯಾಗುತ್ತಾ ಬಂದಿತ್ತು. ದೀಪದ ಸ್ವಿಚ್ಚನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆರಿತ್ತು. ಬಟ್ಟೆಯ ಸಂದುಗಳನ್ನು ಒಂದೊಂದಾಗಿ ಒತ್ತಿದಳು. ಬಾಗಿಲು ಮುಚ್ಚಲು ಹೋದವಳು ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಪರದೆಯೊಂದೇ ಸಾಕು, ಅದು ದಪ್ಪಗಿದೆ. ಅದನ್ನು ನೆಲದವರೆಗೆ ಎಳೆದು ಅಂಚನ್ನು ಗೋಡೆಗೆ ಅಂಟಿಸಿದಳು. ಬಾಗಿಲನ್ನು ಹಾಗೆಯೇ ತೆರೆದು ಬಿಟ್ಟಳು. ಬೆಳಕಿನ ಒಂದು ಎಳೆಯೂ ಒಳಗೆ ಬರಲಿಲ್ಲ. ಸೂಜಿಗಳು ಕೂತಿದ್ದವು, ಕೊಳವೆ ಮಲಗಿತ್ತು, ಅದರೊಳಗೆ ಕೂತವು ಕೂತಿದ್ದವು. ಅವಳು ಗುಂಡಿ ಒತ್ತಿದಳು. ಆರಿಸಿದ್ದ ಕಂಪ್ಯೂಟರ್ ಪರದೆಯ ಹಿಂದೆ ಗೆರೆ ತನ್ನಷ್ಟಕ್ಕೆ ಮೂಡತೊಡಗಿತು. ಅದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡು, ಕತ್ತಲಲ್ಲಿ, ಎದುರು ಕೋಣೆಯಿಂದ ಬರುತ್ತಿದ್ದ ಬೆಕ್ಕಿನ ಕತೆಯ ಇನ್ನರ್ಧಕ್ಕೆ ಕಿವಿಗೊಟ್ಟಳು.